ಎಡಬ್ಲ್ಯೂ ಬೇರೆ, ಎಡಬ್ಲ್ಯೂಎಂ ಬೇರೆ

ಮಾನ್ಯರೇ,

ಭಾನುವಾರದ ಪುರವಣಿಯ ಸ್ನೈಪರ್ ರೈಫಲ್ ಲೇಖನದಲ್ಲಿ ಎಲ್96ಎ1, ಎಡಬ್ಲ್ಯೂ, ಎಡಬ್ಲ್ಯೂಎಂ ಮೂರೂ ಒಂದೇ ಬಂದೂಕಿನ ಹೆಸರುಗಳು ಎಂದು ಬರೆಯಲಾಗಿದೆ. ಮನೆತನ ಒಂದೇ ನಿಜ, ಬಂದೂಕು ಬೇರೆ ಬೇರೆ.

ಎಲ್96ಎ1 ಎಂಬುದು 1980ರ ದಶಕದಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ, ಈ ಮನೆತನದ ಮೊದಲ ಮಾದರಿ. ತಯಾರಿಸಿದ್ದು ಆಕ್ಯುರಸಿ ಇಂಟರ್‌ನ್ಯಾಷನಲ್. ಆ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಮಾಲ್ಕಂ ಕೂಪರ್ 1984 ಮತ್ತು 1988ರ ಒಲಿಂಪಿಕ್ಸ್‌ಗಳಲ್ಲಿ ರೈಫಲ್ ಶೂಟಿಂಗ್ ಚಿನ್ನ ಗೆದ್ದವರು. ಮುಂದೆ ಸ್ವೀಡನ್ನಿನ ಚಳಿಗೆ ತಕ್ಕಂತೆ ಸುಧಾರಿಸಿದ್ದೇ ‘ಆರ್ಕ್ಟಿಕ್ ವಾರ್‌ಫೇರ್’, ಅಂದರೆ ಎಡಬ್ಲ್ಯೂ. ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಲೋಹದ ದಂಡ, ಅಂದರೆ ಬೋಲ್ಟ್, ಅದರ ಮೈಮೇಲಿನ ಗೀರುಗಳು ತೂಕ ಇಳಿಸಲು ಎಂದು ಲೇಖಕರು ಊಹಿಸಿದ್ದಾರೆ. ಅಲ್ಲ, ಮಂಜು ಕಟ್ಟಿದರೂ ಕಸ ಸೇರಿದರೂ ಬೋಲ್ಟ್ ಹಿಡಿದುಕೊಳ್ಳಬಾರದೆಂದು ಕೊರೆದ ಗೀರುಗಳವು.

ಬೋಲ್ಟಿನ ಮುಂತುದಿಯಲ್ಲಿ ಬೀಗ ಹಾಕುವ ಹಲ್ಲು ಮೂರು. ಹಾಗಾಗಿ ಹಿಡಿಯನ್ನು 60 ಡಿಗ್ರಿ ಎತ್ತಿದರೆ ಸಾಕು, ಮೇಲಿನ ದೂರದರ್ಶಕಕ್ಕೆ ಕೈ ತಾಗುವುದಿಲ್ಲ. ಎರಡೇ ಹಲ್ಲಿನ ಹಳೆಯ ಬೋಲ್ಟುಗಳನ್ನು ಸುಮಾರು 90 ಡಿಗ್ರಿ ಎತ್ತಬೇಕಿತ್ತು.

ಲೇಖನ ಪೂರ್ತಿ ಬಿಟ್ಟಿರುವುದು ಚಾಸಿಯ, ಅಂದರೆ ಒಳಗಿನ ಚೌಕಟ್ಟಿನ, ವಿಷಯ. ನಮ್ಮ ಮಟ್ಟಿಗೆ ಈ ಬಂದೂಕಿನ ಜೀವ ಇರುವುದೇ ಅಲ್ಲಿ. ಮರದ ಹಿಡಿ ತೇವ ಕುಡಿದು ಉಬ್ಬುತ್ತದೆ, ಒಣಗಿದರೆ ಸೊಟ್ಟಗಾಗುತ್ತದೆ. ಉಬ್ಬಿದ ಮರ ನಳಿಗೆಗೆ ಒತ್ತಿದರೆ ನಿನ್ನೆ ಗುರಿಗೆ ಸರಿಹೊಂದಿಸಿದ್ದ ಬಂದೂಕು ಇಂದು ಪಕ್ಕಕ್ಕೆ ಹೊಡೆಯುತ್ತದೆ. ಇಲ್ಲಿ ಹಾಗಲ್ಲ. ಲಾರಿಗೆ ಇರುವಂತೆ ಉದ್ದಕ್ಕೂ ಅಲ್ಯೂಮಿನಿಯಂ ಚಾಸಿ ಇದೆ. ಬೋಲ್ಟ್ ಓಡಾಡುವ ಲೋಹದ ಮೈಯಾದ ರಿಸೀವರನ್ನು ಅದಕ್ಕೆ ಸ್ಕ್ರೂ ಬಿಗಿದು, ಜೊತೆಗೆ ಎಪಾಕ್ಸಿಯಿಂದ ಅಂಟಿಸುತ್ತಾರೆ. ನಳಿಗೆ ಮುಂದೆ ಎಲ್ಲಿಯೂ ತಾಗದೆ ನಿಲ್ಲುತ್ತದೆ. ಹೊರಗೆ ಕಾಣುವ ಹಸಿರು ಪ್ಲಾಸ್ಟಿಕ್ ಬರೀ ಎರಡು ಹೋಳಿನ ಹೊದಿಕೆ. ಅದು ಒಡೆದು ಬದಲಿಸಿದರೆ ಗುರಿ ಕೆಡದು, ದೂರದರ್ಶಕ ಕೂರಿಸಿದ ಮೌಂಟಿನ ಸ್ಕ್ರೂ ಸಡಿಲವಾದರೆ ಖಂಡಿತ ಕೆಡುತ್ತದೆ.

ಇನ್ನು ಎಡಬ್ಲ್ಯೂಎಂ, ಅಂದರೆ ಆರ್ಕ್ಟಿಕ್ ವಾರ್‌ಫೇರ್ ಮ್ಯಾಗ್ನಂ. ಮೊಬೈಲ್ ಆಟದಿಂದಾಗಿ ಹುಡುಗರ ಬಾಯಲ್ಲೆಲ್ಲ ಇರುವ ಹೆಸರು. ಎಡಬ್ಲ್ಯೂ ಹಾರಿಸುವುದು 7.62×51 ಮಿ.ಮೀ. ತೋಟಾ, ಅದನ್ನು ತುಂಬುವ ಡಬ್ಬಿಯಾದ ಮ್ಯಾಗಜಿನ್‌ನಲ್ಲಿ 10. ಎಡಬ್ಲ್ಯೂಎಂ ಹಾರಿಸುವುದು .300 ವಿಂಚೆಸ್ಟರ್ ಮ್ಯಾಗ್ನಂ ಅಥವಾ .338 ಲಾಪುವಾ ಮ್ಯಾಗ್ನಂ, ಮ್ಯಾಗಜಿನ್‌ನಲ್ಲಿ 5. ಲಾಪುವಾ ತೋಟಾದ ಲೋಹದ ಕೇಸ್ ಒಂದೇ ಸುಮಾರು 70 ಮಿ.ಮೀ. ಉದ್ದ, ಬುಡವೂ ದಪ್ಪ. ಆದ್ದರಿಂದ ರಿಸೀವರ್ ಉದ್ದವಾಯಿತು, ಬೋಲ್ಟಿನ ಮುಖ ಅಗಲವಾಯಿತು. ಎಡಬ್ಲ್ಯೂಗೆ ನಳಿಗೆ ಮಾತ್ರ ಬದಲಿಸಿ ಎಡಬ್ಲ್ಯೂಎಂ ಮಾಡಲಾಗದು. ಬೋಲ್ಟ್ ಹಿಂದಕ್ಕೆ ಬರುವ ದೂರವೂ ಹೆಚ್ಚು. ಚಿಕ್ಕದಕ್ಕೆ ಒಗ್ಗಿದ ಕೈ ಅರ್ಧಕ್ಕೇ ನಿಂತರೆ ಮುಂದಿನ ತೋಟಾ ಮೇಲೆ ಬರುವುದಿಲ್ಲ. ಬೋಲ್ಟ್ ಖಾಲಿ ಚೇಂಬರಿನ (ನಳಿಗೆಯಲ್ಲಿ ತೋಟಾ ಕೂರುವ ಜಾಗದ) ಮೇಲೆ ಮುಚ್ಚಿಕೊಂಡು, ಟ್ರಿಗರ್ ಎಳೆದಾಗ ‘ಟಿಕ್’ ಅನ್ನುತ್ತದೆ ಅಷ್ಟೆ. ಬ್ರಿಟನ್ನಿನ ಎಲ್115ಎ3, ಜರ್ಮನಿಯ ಜಿ22 ಈ ದೊಡ್ಡ ಕವಲಿನವು.

ಕೊನೆಯದಾಗಿ, ಲೇಖನದ ಜೊತೆಗಿನ ಚಿತ್ರ ಎರಡರದ್ದೂ ಅಲ್ಲ. ದಪ್ಪ ಕೊಳವೆಯಂತೆ ಕಾಣುವ ನಳಿಗೆ ಇರುವುದು ಸದ್ದಡಗಿಸುವ ಎಡಬ್ಲ್ಯೂಎಸ್‌ಗೆ. ಅದೂ ‘ಸದ್ದೇ ಇಲ್ಲದ’ ಬಂದೂಕಲ್ಲ. ಶಬ್ದಕ್ಕಿಂತ ನಿಧಾನವಾಗಿ, ಸೆಕೆಂಡಿಗೆ ಸುಮಾರು 340 ಮೀಟರಿಗಿಂತ ಕಡಿಮೆ ವೇಗದಲ್ಲಿ ಹೋಗುವ ವಿಶೇಷ ತೋಟಾ ಹಾಕಿದರಷ್ಟೇ ಅದು ಮೆತ್ತಗಾಗುತ್ತದೆ. ಮಾಮೂಲಿ ತೋಟಾದ ಗುಂಡು ಗಾಳಿಯಲ್ಲೇ ಚಾಟಿಯಂತೆ ಸಿಡಿಯುತ್ತದೆ, ಆ ಸದ್ದನ್ನು ಯಾವ ಕೊಳವೆಯೂ ತಡೆಯದು. ಚಿತ್ರದ ಅಡಿಬರಹವನ್ನಾದರೂ ತಿದ್ದುಪಡಿಯಲ್ಲಿ ಸರಿಪಡಿಸಿ.

— ಇಬ್ಬರು ಓದುಗರು