ಹತ್ತು ಸೆಂಟಿನ ಮೇಲಿನ ಹಡಗು

ಕಳೆದ ವಾರದ ಕನ್ನಡ ತರಗತಿಯಲ್ಲಿ ಒಬ್ಬ ಹುಡುಗ ಕೆನಡಾದ ಹತ್ತು ಸೆಂಟಿನ ನಾಣ್ಯದ ಮೇಲಿನ ಬ್ಲೂನೋಸ್ ಹಡಗನ್ನು ತೋರಿಸಿ, "ಇದು ಮೀನು ಹಿಡಿಯೋ ದೋಣಿ ಅಂತೆ, ಮತ್ತೆ ರೇಸ್ ಹೇಗೆ ಗೆಲ್ತು?" ಎಂದು ಕೇಳಿದ.

ಮೀನು ಹಿಡಿದದ್ದಕ್ಕೇ ಗೆದ್ದಿತು, ಪುಟ್ಟಾ. 1920ರಲ್ಲಿ ಹಾಯಿದೋಣಿಗಳ ಪಂದ್ಯವಾದ ಅಮೆರಿಕಾಸ್ ಕಪ್‌ನ ಒಂದು ಓಟವನ್ನು ಗಾಳಿ ಜೋರಾಯಿತೆಂದು ಮುಂದೂಡಿದಾಗ ನಮ್ಮ ನೋವಾ ಸ್ಕೋಷಿಯಾದ ಮೀನುಗಾರರು ನಕ್ಕರು. ಹ್ಯಾಲಿಫ್ಯಾಕ್ಸ್ ಹೆರಾಲ್ಡ್ ಪತ್ರಿಕೆಯ ವಿಲಿಯಂ ಡೆನ್ನಿಸ್ ಈ ಮೀನುಗಾರರಿಗೆಂದೇ ಒಂದು ಕಪ್ ಇಟ್ಟರು. ನಿಜವಾಗಿ ಮೀನುಗಾರಿಕೆ ಮಾಡಿದ ಸ್ಕೂನರುಗಳಿಗೆ (ಹಾಯಿ ಹಡಗುಗಳಿಗೆ) ಮಾತ್ರ ಪ್ರವೇಶ. ಮೊದಲ ವರ್ಷ ಅಮೆರಿಕದ ಗ್ಲಾಸ್ಟರ್ ಊರಿನ ಎಸ್ಪೆರಾಂಟೊ ಗೆದ್ದಿತು. 1921ರ ಮಾರ್ಚಿನಲ್ಲಿ ನಮ್ಮ ಲುನೆನ್‌ಬರ್ಗಿನಲ್ಲಿ ನೀರಿಗಿಳಿದ ಬ್ಲೂನೋಸ್ ಮೊದಲು ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಮೀನುಗಾರಿಕೆಯ ಕಡಲಿಗೆ ಹೋಗಿ ದುಡಿದು ಬಂತು, ಅಕ್ಟೋಬರಿನಲ್ಲಿ ಗ್ಲಾಸ್ಟರಿನ ಎಲ್ಸಿಯನ್ನು ಸೋಲಿಸಿತು. 1938ರ ಕೊನೆಯ ಸರಣಿಯಲ್ಲೂ ಗ್ಲಾಸ್ಟರಿನ ಗರ್ಟ್ರೂಡ್ ಥೆಬೋ ಎದುರು 3-2ರಿಂದ ಗೆದ್ದದ್ದು ಅದೇ.

ಗಂಗೊಳ್ಳಿಯಿಂದ ಅಪ್ಪ ಬಂದಿದ್ದಾಗ ಲುನೆನ್‌ಬರ್ಗಿನ ಮ್ಯೂಸಿಯಮ್ಮಿಗೆ ಕರೆದೊಯ್ದಿದ್ದೆ. ಜೀವಮಾನವೆಲ್ಲ ಕಡಲಲ್ಲಿ ಕಳೆದವರು. ಕಪ್, ಪದಕ ಯಾವುದನ್ನೂ ನೋಡಲಿಲ್ಲ. ಒಂದರೊಳಗೊಂದು ಪೇರಿಸಿಟ್ಟ ಸಣ್ಣ ಡೋರಿ ದೋಣಿಗಳ ಹತ್ತಿರ ಹೋಗಿ ನಿಂತರು. ಹಲಗೆಯ ಅಂಚಿಗೆ ಹೆಬ್ಬೆರಳು ಒತ್ತಿ ದಪ್ಪ ನೋಡಿದರು. "ಎಷ್ಟ್ ಜನ?" "ಇಬ್ಬರು ಅಪ್ಪ. ದೊಡ್ಡ ಹಡಗಿನಿಂದ ಇಳಿದು ಗಾಳದ ಸಾಲು ಬಿಡ್ತಿದ್ರು." "ಮಂಜ್ ಮುಸ್ಕಿರೆ?" ನಾನು ಏನೂ ಹೇಳಲಿಲ್ಲ. ಹೊರಗೆ ದಡದಲ್ಲಿ, ಕಡಲಿಗೆ ಹೋಗಿ ಮರಳದವರ ಹೆಸರು ಕೆತ್ತಿದ ಕಪ್ಪು ಕಂಬಗಳಿವೆ. ಅಪ್ಪ ಚಪ್ಪಲಿ ಬಿಟ್ಟು ನಿಂತರು, ನಾನು ಓದುತ್ತಾ ಹೋದೆ. 1926, 1927ರ ಸಾಲುಗಳು ಮುಗಿಯುವುದೇ ಇಲ್ಲ. ಎರಡೂ ವರ್ಷ ಆಗಸ್ಟ್ ತಿಂಗಳ ಬಿರುಗಾಳಿ. 1923ರಲ್ಲಿ ಬ್ಲೂನೋಸ್‌ಗೆ ಸರಿಸಮನಾಗಿ ಓಡಿದ್ದ ಗ್ಲಾಸ್ಟರಿನ ಕೊಲಂಬಿಯಾವೂ 1927ರಲ್ಲಿ ಮುಳುಗಿತು, ಒಬ್ಬರೂ ಉಳಿಯಲಿಲ್ಲ. "ಆ ಗಾಳ್ಯಂಗೂ ಕಡ್ಲಿಗ್ ಹೋತ್ರಾ?" ಎಂದರು ಅಪ್ಪ. ಮಳೆಗಾಲದ ಆಟಿ ತಿಂಗಳಲ್ಲಿ ದೋಣಿ ದಡಕ್ಕೆಳೆದು ಬಲೆ ಹೆಣೆಯುತ್ತ ಕೂತವರಿಗೆ ಅದು ನಂಬಲಾಗದ ಮಾತು. ಮಕ್ಕಳಿಗೆ ಓಟದ ಕಥೆ ಹೇಳುವಾಗ ಈ ಕಂಬಗಳ ಕಥೆಯನ್ನೂ ದಯವಿಟ್ಟು ಹೇಳಿ.

ಇನ್ನು ಸೂಚನೆಗಳು, ಅವಸರದಲ್ಲಿ: ರಾಜ್ಯೋತ್ಸವ ನವೆಂಬರಿನ ಮೊದಲ ಶನಿವಾರ, ಸಂಜೆ 4ಕ್ಕೆ. ನಾಡಗೀತೆ ಅಭ್ಯಾಸ ಪ್ರತಿ ಶುಕ್ರವಾರ. ದೀಪಾವಳಿ ಊಟಕ್ಕೆ ಹೆಸರು ಬೇಗ ಕೊಡಿ. ಬೇಸಿಗೆಯಲ್ಲಿ ಮಕ್ಕಳನ್ನು ಲುನೆನ್‌ಬರ್ಗಿಗೆ ಕರೆದೊಯ್ಯುವ ಆಸೆಯಿದೆ, ಕಾರಿನಲ್ಲಿ ಜಾಗವಿರುವವರು ತಿಳಿಸಿ. ಪುಟ ಜೋಡಿಸುತ್ತಿದ್ದ ಗೆಳೆಯರು ಕೆಲಸದ ಮೇಲೆ ಕ್ಯಾಲ್ಗರಿಗೆ ಹೊರಟಿದ್ದಾರೆ. ಮುಂದಿನ ಸಂಚಿಕೆ ಒಬ್ಬರಿಂದ ಆಗುವ ಕೆಲಸವಲ್ಲ. ಕನ್ನಡ ಟೈಪಿಂಗ್ ಬರುವವರು, ಬರದಿದ್ದರೂ ಕಲಿಯುವವರು, ಯಾರಾದರೂ ಒಬ್ಬರು ಬನ್ನಿ.