ಬೆನ್ನುಮೂಳೆ ಶಸ್ತ್ರಚಿಕಿತ್ಸೆ: ಥಿಯೇಟರಿನ ಗಾಳಿಯನ್ನೂ ವಿಚಾರಿಸಿ

ಮಾನ್ಯ ಸಂಪಾದಕರೇ,

ದಿನವಿಡೀ ನಿಂತೇ ದುಡಿಯುವ ಹೋಟೆಲ್ ಕಾರ್ಮಿಕರಂಥವರ ಬೆನ್ನುಮೂಳೆ ಶಸ್ತ್ರಚಿಕಿತ್ಸೆಗೆ ಮುಂಬಯಿಯ ನಮ್ಮ ಸಂಘಸಂಸ್ಥೆಗಳು ನೆರವಾಗುವುದು ಮೆಚ್ಚತಕ್ಕ ಕೆಲಸ. ಆದರೆ ಆಸ್ಪತ್ರೆಯವರೊಡನೆ ಮಾತಾಡುವಾಗ ರಿಯಾಯಿತಿ, ಡಾಕ್ಟರರ ಹೆಸರು, ರೂಮಿನ ಬಾಡಿಗೆ ಎಲ್ಲವೂ ಚರ್ಚೆಗೆ ಬರುತ್ತವೆಯೇ ಹೊರತು ಆಪರೇಷನ್ ಥಿಯೇಟರಿನ ಗಾಳಿಯ ವಿಚಾರವನ್ನು ಯಾರೂ ಎತ್ತುವುದಿಲ್ಲ. ಥಿಯೇಟರ್ ನರ್ಸ್ ಆಗಿ ಇದೇ ನಗರದಲ್ಲಿ ನಿವೃತ್ತಳಾದ ನಾನು ಆ ಬಗ್ಗೆ ಬರೆಯುತ್ತಿದ್ದೇನೆ.

ಥಿಯೇಟರಿನ ಗಾಳಿಯಲ್ಲಿ ತೇಲುವ ಬ್ಯಾಕ್ಟೀರಿಯಾ ಬಹುಪಾಲು ಒಳಗಿರುವ ಜನರ ಚರ್ಮದಿಂದಲೇ ಬರುವಂಥದ್ದು. ನಡೆದಾಡುವ ಒಬ್ಬರ ಮೈಯಿಂದ ನಿಮಿಷಕ್ಕೆ ಸುಮಾರು 10,000 ಸೂಕ್ಷ್ಮ ಚರ್ಮಕಣಗಳು ಉದುರುತ್ತವೆ. ಅವುಗಳಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಬ್ಯಾಕ್ಟೀರಿಯಾ ಹೊತ್ತಿರುತ್ತವೆ. ಬೆನ್ನಿನ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಗಾಯ ಗಂಟೆಗಟ್ಟಲೆ ತೆರೆದಿರುತ್ತದೆ, ಸಿ-ಆರ್ಮ್ ಎಕ್ಸ್‌ರೇ ಯಂತ್ರ ಮೇಜಿನ ಬಳಿ ಬಂದುಹೋಗುತ್ತಿರುತ್ತದೆ, ಸಾಲದ್ದಕ್ಕೆ ಟೈಟಾನಿಯಂ ಸ್ಕ್ರೂ ಮತ್ತು ರಾಡ್‌ಗಳು ಮೈಯೊಳಗೇ ಉಳಿಯುತ್ತವೆ. ಲೋಹದ ಮೇಲೆ ಬ್ಯಾಕ್ಟೀರಿಯಾ ಒಮ್ಮೆ ಪೊರೆ ಕಟ್ಟಿಕೊಂಡಿತೆಂದರೆ ಆಂಟಿಬಯಾಟಿಕ್ ಸರಿಯಾಗಿ ನಾಟುವುದಿಲ್ಲ. ಚರ್ಮದ ಮೇಲೆ ಸಾಧುವಾಗಿರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್‌ನಂಥದ್ದು ತಿಂಗಳುಗಳ ನಂತರ ತಲೆಯೆತ್ತಿ, ಅದೇ ಬೆನ್ನನ್ನು ಮತ್ತೆ ತೆರೆಯಬೇಕಾಗಿ ಬರುವುದೂ ಉಂಟು.

ವಸತಿ ಕಟ್ಟಡಗಳ ಮಹಡಿಯಲ್ಲಿರುವ ಸಣ್ಣ ನರ್ಸಿಂಗ್ ಹೋಂಗಳಲ್ಲಿ ಸ್ಪ್ಲಿಟ್ ಎಸಿ ಹಾಕಿದ ಥಿಯೇಟರುಗಳನ್ನು ನಾನು ಕಂಡಿದ್ದೇನೆ. ಅದು ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಬಿಡುವ ಯಂತ್ರ. ಮಳೆಗಾಲದಲ್ಲಿ ಅದರ ಮುಚ್ಚಳ ತೆಗೆದು ನೋಡಿದವರಿಗೆ ಒಳಗಿನ ಬೂಷ್ಟು ಗೊತ್ತು. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ನೀಡುವ ಎನ್‌ಎಬಿಎಚ್ ಮಂಡಳಿಯ ಮಾರ್ಗಸೂಚಿ ಥಿಯೇಟರಿಗೆ ಇದು ಸಲ್ಲದೆಂದು ಸ್ಪಷ್ಟವಾಗಿಯೇ ಹೇಳುತ್ತದೆ. ಬೆನ್ನುಮೂಳೆಯಂಥ ಶಸ್ತ್ರಚಿಕಿತ್ಸೆಗೆ ಬೇಕಾದದ್ದು 0.3 ಮೈಕ್ರಾನಿನ ಕಣಗಳನ್ನೂ ಶೇಕಡಾ 99.97ರಷ್ಟು ತಡೆಯುವ ಹೆಪಾ ಫಿಲ್ಟರ್, ಗಂಟೆಗೆ 20 ಸಲವಾದರೂ ಬದಲಾಗುವ ಗಾಳಿ, ಮತ್ತು ಹೊರಗಿನ ಗಾಳಿ ಒಳನುಗ್ಗದಂತೆ ಕಾರಿಡಾರಿಗಿಂತ ಥಿಯೇಟರಿನೊಳಗೆ ಗಾಳಿಯ ತುಸು ಹೆಚ್ಚಿನ ಒತ್ತಡ. ಬಾಗಿಲು ತೆರೆದಾಗಲೆಲ್ಲ ಆ ಒತ್ತಡ ಬಿದ್ದುಹೋಗುತ್ತದೆ.

ಬಾಗಿಲು ತೆರೆಯುವುದಾದರೂ ಏತಕ್ಕೆ? ಇಂಪ್ಲಾಂಟ್ (ಮೈಯೊಳಗೆ ಕೂರಿಸುವ ಸ್ಕ್ರೂ, ರಾಡ್‌ನಂಥವು) ಕಂಪನಿಯ ಹುಡುಗ ಇನ್ನೊಂದು ಅಳತೆಯ ಸ್ಕ್ರೂ ತರಲು ಹೋಗುತ್ತಾನೆ, ಯಾರದೋ ಫೋನ್ ಬರುತ್ತದೆ, ನೋಡಲೆಂದು ಇನ್ನಿಬ್ಬರು ಬಂದು ನಿಲ್ಲುತ್ತಾರೆ. ಅಷ್ಟು ಹೊತ್ತೂ ಸ್ಕ್ರೂಗಳ ಟ್ರೇ ಮೇಜಿನ ಮೇಲೆ ಬಾಯಿ ತೆರೆದುಕೊಂಡೇ ಇರುತ್ತದೆ. ಬೇಕಾಗುವವರೆಗೆ ಅದರ ಮೇಲೆ ಸ್ಟೆರೈಲ್ ಬಟ್ಟೆ ಮುಚ್ಚಿಡಲು ಕಾಸಿನ ಖರ್ಚಿಲ್ಲ, ಆದರೂ ಎಷ್ಟೋ ಕಡೆ ಮುಚ್ಚುವುದಿಲ್ಲ.

ದುಬಾರಿ ಉಪಕರಣವೊಂದೇ ಪರಿಹಾರವೆಂದು ನಾನು ಹೇಳುತ್ತಿಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿಯವರು ಶುದ್ಧ ಗಾಳಿಯ ಥಿಯೇಟರಿನಲ್ಲಿ ಸೊಂಟದ ಕೀಲು ಬದಲಿಸಿ ಸೋಂಕು ಬಹಳ ಇಳಿದದ್ದನ್ನು ತೋರಿಸಿದರು ನಿಜ. ಆದರೆ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೀಲು ಬದಲಾವಣೆಗೆ ಲ್ಯಾಮಿನಾರ್ ಫ್ಲೋ (ಶೋಧಿಸಿದ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಹರಿಸುವ ದುಬಾರಿ ವ್ಯವಸ್ಥೆ) ಬಳಸದಿರುವುದೇ ಸೂಕ್ತವೆಂದಿತು. ಗಾಯದ ಪಕ್ಕದಲ್ಲೇ ಶೋಧಿಸಿದ ಗಾಳಿ ಹರಿಸುವ ಸಣ್ಣ ಸಾಧನಗಳೂ ಬಂದಿವೆ. ಇವೆಲ್ಲ ಥಿಯೇಟರಿನೊಳಗಿನ ಜನಸಂಚಾರ ಹತೋಟಿಗೆ ಬಂದ ನಂತರದ ಮಾತು. ಅಲ್ಲದೆ ರೋಗಿಯ ಸ್ವಂತ ಚರ್ಮವೂ ಸೋಂಕಿನ ಮೂಲವಾದ್ದರಿಂದ, ಚರ್ಮದ ಶುದ್ಧಿ ಮತ್ತು ಸಮಯಕ್ಕೆ ಸರಿಯಾದ ಆಂಟಿಬಯಾಟಿಕ್ ಬಿಡುವಂತಿಲ್ಲ.

ಕೇಳಿದವರಿಗೆ ಆಸ್ಪತ್ರೆಯವರು ಫ್ಯೂಮಿಗೇಶನ್ (ಔಷಧದ ಹೊಗೆಯಿಂದ ಶುದ್ಧಿ) ಆಗಿದೆ ಎನ್ನುತ್ತಾರೆ, 'ನೋ ಗ್ರೋತ್' – ಬ್ಯಾಕ್ಟೀರಿಯಾ ಬೆಳೆದಿಲ್ಲ – ಎಂಬ ಕಲ್ಚರ್ ರಿಪೋರ್ಟ್ ತೋರಿಸುತ್ತಾರೆ. ಅದು ಸಾಮಾನ್ಯವಾಗಿ ಖಾಲಿ ಥಿಯೇಟರಿನ ರಿಪೋರ್ಟು. ಬ್ರಿಟನ್ನಿನ ಅತಿಶುದ್ಧ ಗಾಳಿಯ ಥಿಯೇಟರುಗಳಿಗೆ ಹಾಕಿಕೊಂಡಿರುವ ಮಿತಿ, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಗಾಯದ ಬಳಿಯ ಒಂದು ಘನ ಮೀಟರ್ ಗಾಳಿಯಲ್ಲಿ ಬೆಳೆಯಬಲ್ಲ ಬ್ಯಾಕ್ಟೀರಿಯಾ 10ಕ್ಕಿಂತ ಕಡಿಮೆ ಇರಬೇಕೆಂಬುದು.

1949ರ ಕಾಯ್ದೆಯಡಿ ನರ್ಸಿಂಗ್ ಹೋಂಗಳ ನೋಂದಣಿ ನವೀಕರಿಸುವ ಮಹಾನಗರ ಪಾಲಿಕೆಯು, ಇಂಪ್ಲಾಂಟ್ ಹಾಕುವ ಥಿಯೇಟರುಗಳಿಂದ ಕೆಲಸದ ಹೊತ್ತಿನ ಗಾಳಿ ಪರೀಕ್ಷೆಯ ವರದಿಯನ್ನೂ ಹೆಪಾ ಫಿಲ್ಟರ್ ತಪಾಸಣೆಯ ದಾಖಲೆಯನ್ನೂ ಕೇಳಿ ಪಡೆಯಬೇಕು. ನಮ್ಮ ಸಂಘಗಳೂ ರಿಯಾಯಿತಿಗೆ ಸಹಿ ಹಾಕುವ ಮುನ್ನ ಇವೆರಡು ಕಾಗದಗಳನ್ನು ಕೇಳಲಿ.

– ನಿವೃತ್ತ ಥಿಯೇಟರ್ ನರ್ಸ್, ಡೊಂಬಿವಲಿ