ಕಾರಿನ ಹಿಂಬದಿ ಆಕ್ಸಲ್ ಕೆಲಸದ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ವಿಷಯ: ಡಿಫರೆನ್ಷಿಯಲ್ ರಿಪೇರಿ ಆದ ಮೇಲೆ ಸದ್ದು ಜಾಸ್ತಿಯಾಗಿರುವುದು ಮತ್ತು ನಿಮ್ಮ ಸಿಬ್ಬಂದಿಯ ನಡವಳಿಕೆ

ಫೋನಿನಲ್ಲಿ ಮರ್ಯಾದೆಯಿಂದ ಕೇಳಿ ಸಾಕಾಗಿದೆ. "ವಿಚಾರಿಸಿ ತಿಳಿಸ್ತೀವಿ ಮೇಡಂ" ಅಂತ ಹೇಳಿದ ಯಾರೂ ಮತ್ತೆ ತಿಳಿಸಲಿಲ್ಲ. ಅದಕ್ಕೇ ಈಗ ಬರವಣಿಗೆಯಲ್ಲಿ ಕೊಡುತ್ತಿದ್ದೇನೆ.

ನನ್ನ ಕಾರಿನಲ್ಲಿ ಎಂಜಿನ್ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಅದನ್ನು ಎರಡು ಚಕ್ರಕ್ಕೂ ಹಂಚುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. ವೇಗ ಹಿಡಿದಾಗ ಹಿಂದುಗಡೆಯಿಂದ ಗುಂಯ್ ಅಂತ ಸದ್ದು ಬರುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಜಾಸ್ತಿ, ಕಾಲು ತೆಗೆದರೆ ಕಮ್ಮಿ. ಜಾಬ್ ಕಾರ್ಡಿನಲ್ಲಿ ಹೀಗೇ ಬರೆಸಿದ್ದೆ. ಅದನ್ನು ಓದಿಯೂ ನಿಮ್ಮವರು ಮೊದಲು ವೀಲ್ ಬೇರಿಂಗ್ ಬದಲಾಯಿಸಿ ಬಿಲ್ ಮಾಡಿದರು. ವೀಲ್ ಬೇರಿಂಗ್ ಹಾಳಾಗಿದ್ದರೆ ಸಾಮಾನ್ಯವಾಗಿ ಕಾರು ಎಡಕ್ಕೋ ಬಲಕ್ಕೋ ತಿರುಗಿ ಭಾರ ಒಂದು ಪಕ್ಕ ಬಿದ್ದಾಗ ಸದ್ದು ಬದಲಾಗುತ್ತದೆ. ಇಲ್ಲಿ ಹಾಗಾಗುತ್ತಿರಲಿಲ್ಲ. ಆಮೇಲೆ ಟೈರು ಅಂದರು. ಕೊನೆಗೆ ಡಿಫರೆನ್ಷಿಯಲ್ ಬಿಚ್ಚಿ, ಒಳಗಿನ ಪಿನಿಯನ್ ಅನ್ನುವ ಚಿಕ್ಕ ಗೇರಿಗೆ ಹೊಸ ಬೇರಿಂಗ್, ಸೀಲ್ ಹಾಕಿದರು. ಈಗ ಕಾಲು ತೆಗೆದರೂ ಸದ್ದು ಇದೆ. ಜೊತೆಗೆ ಮುಂದಿನ ಗೇರಿನಿಂದ ರಿವರ್ಸಿಗೆ ಹಾಕಿದಾಗ ಹಿಂದೆ ಟಕ್ ಅನ್ನುತ್ತದೆ. ಇದು ಮೊದಲು ಇರಲೇ ಇಲ್ಲ.

ಇಷ್ಟಾದರೂ ನಾನು ಜಗಳಕ್ಕೆ ಬರಲಿಲ್ಲ. ನಿಮ್ಮ ಕೌಂಟರಿನಲ್ಲಿ ಕೇಳಿದ್ದು ಒಂದೇ ಮಾತು: "ಜೋಡಿಸಿದ ಮೇಲೆ ಬ್ಯಾಕ್‌ಲ್ಯಾಶ್ ಎಷ್ಟು ಬಂತು?" ಅಂದರೆ ಗೇರಿನ ಹಲ್ಲುಗಳ ನಡುವೆ ಎಷ್ಟು ಸಂದು ಉಳಿಯಿತು ಅಂತ. ನಿಮ್ಮ ಸರ್ವಿಸ್ ಅಡ್ವೈಸರ್ ಪೆನ್ನು ಕೆಳಗಿಟ್ಟರು. ನನ್ನನ್ನು ನೋಡಿದರು. "ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ ಮೇಡಂ, ಅವರಿಗೆ ಹೇಳ್ತೀನಿ" ಅಂದರು. ಕಾರು ನನ್ನದು, ಬಿಲ್ ಕಟ್ಟಿದ್ದು ನಾನು, ನನಗೇ ಹೇಳಿ ಅಂದೆ. ಆಗ ಅವರು ಕುರ್ಚಿಗೆ ಒರಗಿ, ಸೋಫಾದಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ, "ಹಾಗಾದ್ರೆ ಡಿಫರೆನ್ಷಿಯಲ್ ಒಳಗೆ ಏನೇನಿರುತ್ತೆ, ಹೇಳಿ ನೋಡೋಣ" ಅಂದರು. ನಾನು ಪಿನಿಯನ್ ಅಂತ ಶುರು ಮಾಡುವಷ್ಟರಲ್ಲಿ ಒಳಗಿದ್ದ ಹುಡುಗನನ್ನು ಕೂಗಿ, "ಬಾರೋ ಇಲ್ಲಿ, ಮೇಡಂ ಪಾಠ ಮಾಡ್ತಾರಂತೆ" ಅಂದರು. ಇಬ್ಬರೂ ನಕ್ಕರು. ಸೋಫಾದಲ್ಲಿದ್ದ ಒಬ್ಬರೂ ನಕ್ಕರು. ಬಿಲ್ಲನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಗ್ರಾಹಕರ ಜೊತೆ ಹೀಗೆ ಮಾತಾಡಬೇಕು ಅಂತ ನಿಮ್ಮ ನಿಯಮದಲ್ಲಿ ಇದೆಯಾ?

ಅಲ್ಲಿ ಮುಗಿಸಲು ಬಿಡದ ಉತ್ತರವನ್ನು ಇಲ್ಲಿ ಕೊಡುತ್ತೇನೆ. ಗೇರ್ ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುವುದು ಪಿನಿಯನ್ನನ್ನು. ಪಿನಿಯನ್ ಕ್ರೌನ್ ವೀಲ್ ಅನ್ನುವ ದೊಡ್ಡ ಗೇರನ್ನು ತಿರುಗಿಸುತ್ತದೆ. ಕ್ರೌನ್ ವೀಲ್ ಬೋಲ್ಟ್ ಆಗಿರುವ ಕೇಜಿನೊಳಗೆ ಸಣ್ಣ ಸ್ಪೈಡರ್ ಗೇರುಗಳು, ಅವುಗಳ ಎರಡು ಪಕ್ಕ ಸೈಡ್ ಗೇರುಗಳು. ಸೈಡ್ ಗೇರಿನೊಳಗೆ ಆಕ್ಸಲ್ ಶಾಫ್ಟ್ ಕೂರುತ್ತದೆ, ಅದು ಚಕ್ರ ತಿರುಗಿಸುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು. ಸ್ಪೈಡರ್ ಗೇರುಗಳು ತಮ್ಮ ಸುತ್ತ ತಾವೇ ತಿರುಗಿ ಆ ವ್ಯತ್ಯಾಸಕ್ಕೆ ಅವಕಾಶ ಕೊಡುತ್ತವೆ. ಸಾಕಾ?

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ಪಿನಿಯನ್ನಿನ ಎರಡು ಬೇರಿಂಗ್ ನಡುವೆ ನನ್ನ ಕಾರಿನಲ್ಲಿ ಕ್ರಷ್ ಸ್ಲೀವ್ ಅನ್ನುವ ಲೋಹದ ಕೊಳವೆ ಇದೆ. ನಟ್ ಬಿಗಿ ಮಾಡುತ್ತಾ ಹೋದ ಹಾಗೆ ಅದು ಜಜ್ಜಿ ಗಿಡ್ಡವಾಗುತ್ತದೆ, ಬೇರಿಂಗ್ ಮೇಲೆ ಬೀಳಬೇಕಾದ ಪ್ರೀಲೋಡ್, ಅಂದರೆ ಬಿಗಿತ, ಹಾಗೆ ಕೂರುತ್ತದೆ. ಒಮ್ಮೆ ಜಜ್ಜಿದ ಸ್ಲೀವ್ ಮತ್ತೆ ಉದ್ದವಾಗುವುದಿಲ್ಲ. ಆದ್ದರಿಂದ ಬೇರಿಂಗ್ ಹಾಕಿದಾಗ ಸ್ಲೀವ್ ಹೊಸದೇ ಹಾಕಬೇಕು. ನಿಮ್ಮ ಬಿಲ್ ನನ್ನ ಮುಂದೆ ಇದೆ. ಬೇರಿಂಗ್ ಇದೆ, ಸೀಲ್ ಇದೆ, ಗೇರ್ ಆಯಿಲ್ ಇದೆ, ಲೇಬರ್ ಇದೆ. ಸ್ಲೀವ್ ಇಲ್ಲ. ಹಳೆಯದನ್ನೇ ಇಟ್ಟು ನಟ್ ಎಳೆದಿದ್ದೀರಿ, ಅಲ್ವಾ? ಪ್ರೀಲೋಡ್ ಕಮ್ಮಿಯಾದರೆ ಪಿನಿಯನ್ ಅಲ್ಲಾಡುತ್ತದೆ, ಜಾಸ್ತಿಯಾದರೆ ಬೇರಿಂಗ್ ಬಿಸಿಯಾಗುತ್ತದೆ. ಬೇರಿಂಗ್ ಪೂರ್ತಿ ಸುಟ್ಟು ಹಿಡಿದುಕೊಂಡರೆ ಓಡುವ ಕಾರಿನ ಹಿಂದಿನ ಚಕ್ರಗಳೇ ಲಾಕ್ ಆಗಬಹುದು. ಇದು ಬರೀ ಸದ್ದಿನ ವಿಷಯ ಅಲ್ಲ, ಕಾರಿನಲ್ಲಿ ಕೂತವರ ಜೀವದ ವಿಷಯ.

ಬ್ಯಾಕ್‌ಲ್ಯಾಶ್ ಅಂದರೆ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಂದು. ಕೂದಲೆಳೆಯಷ್ಟು, ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ. ಅದನ್ನು ಡಯಲ್ ಗೇಜ್ ಇಟ್ಟು ಅಳೆಯಬೇಕು. ಹಲ್ಲಿಗೆ ಬಣ್ಣದ ಪೇಸ್ಟ್ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ಮಧ್ಯೆ ಬೀಳುತ್ತಾ ಅಂತ ನೋಡಬೇಕು. ತಪ್ಪಿದ್ದರೆ ಶಿಮ್, ಅಂದರೆ ಸಂದು ಹೊಂದಿಸುವ ತೆಳು ಬಿಲ್ಲೆ, ಬದಲಾಯಿಸಬೇಕು. ಕೈಯಲ್ಲಿ ಅಲ್ಲಾಡಿಸಿ "ಸರಿ ಇದೆ" ಅನ್ನುವ ಕೆಲಸ ಇದಲ್ಲ. ನಿಮ್ಮದೇ ವರ್ಕ್‌ಶಾಪ್ ಮ್ಯಾನುವಲ್ಲಿನಲ್ಲಿ ಅಂಕಿಗಳಿವೆ, ನಿಮಗೆ ಗೊತ್ತಿರಲೇಬೇಕು.

ಆ ಬ್ಯಾಕ್‌ಲ್ಯಾಶ್ ಮತ್ತು ಪ್ರೀಲೋಡ್ ರೀಡಿಂಗ್ ನನಗೆ ಬರವಣಿಗೆಯಲ್ಲಿ ಬೇಕು. ತೆಗೆದ ಹಳೆಯ ಬೇರಿಂಗುಗಳು ಬೇಕು. ರೀಡಿಂಗ್ ತೆಗೆದೇ ಇಲ್ಲ ಅಂದರೆ ಡಿಫರೆನ್ಷಿಯಲ್ ಹೌಸಿಂಗ್ ಮತ್ತೆ ಬಿಚ್ಚಿ, ಹೊಸ ಸ್ಲೀವ್ ಹಾಕಿ, ನನ್ನ ಎದುರಿಗೇ ಅಳೆದು ಜೋಡಿಸಿ. ನಿಮ್ಮ ಜೋಡಣೆಯಿಂದ ಹಲ್ಲುಗಳು ಸವೆದಿದ್ದರೆ ಕ್ರೌನ್, ಪಿನಿಯನ್ ಎರಡನ್ನೂ ಜೋಡಿಯಾಗಿಯೇ ನಿಮ್ಮ ಖರ್ಚಿನಲ್ಲಿ ಹಾಕಬೇಕು. ಬೇಕಿಲ್ಲದ ವೀಲ್ ಬೇರಿಂಗಿನ ಹಣ ವಾಪಸ್ ಕೊಡಬೇಕು.

ಕ್ಷಮೆ ಕೇಳಿ ಅಂತ ನಾನು ಹೇಳುವುದಿಲ್ಲ. ಹೇಳಿಸಿಕೊಂಡು ಕೇಳುವ ಕ್ಷಮೆ ನನಗೆ ಬೇಡ.

ಒಂದು ವಾರ ಕಾಯುತ್ತೇನೆ. ಆಮೇಲೆ ನಿಮಗೆ ಫೋನ್ ಬರುವುದಿಲ್ಲ. ಬೇರೆ ಮೆಕ್ಯಾನಿಕ್ ಎದುರಿಗೆ ಹೌಸಿಂಗ್ ಬಿಚ್ಚಿಸಿ, ಹಳೆಯ ಸ್ಲೀವಿನ ಫೋಟೋ ತೆಗೆಸಿ, ಅವರ ವರದಿ, ನಿಮ್ಮ ಜಾಬ್ ಕಾರ್ಡ್, ಬಿಲ್ ಎಲ್ಲ ಸೇರಿಸಿ ಕಾರು ತಯಾರಿಸಿದ ಕಂಪನಿಗೂ ಗ್ರಾಹಕ ನ್ಯಾಯಾಲಯಕ್ಕೂ ಕೊಡುತ್ತೇನೆ. ಕೌಂಟರಿನಲ್ಲಿ ಆಡಿದ ಮಾತು ಒಂದೂ ಬಿಡದೆ ಅದರಲ್ಲಿ ಇರುತ್ತದೆ.

ಇತಿ,
ಕಾರಿನ ಮಾಲೀಕಳು